ಮಾಂಡೋವಿಯಲ್ಲಿ ಬೋಟು ಮೇಲಕ್ಕೆ ಹೋಗಬೇಕು

ನಮ್ಮ ಕಡೆಯಿಂದ ಪಣಜಿಗೆ ಯಾರೇ ಬಂದರೂ ಎರಡು ಸಂಗತಿ ಮನೆಯಲ್ಲೇ ನಿಕ್ಕಿ ಮಾಡಿಕೊಂಡು ಬಂದಿರುತ್ತಾರೆ. ಒಂದು ಬೀಚು, ಇನ್ನೊಂದು ಬೋಟು. ಬೀಚಿಗೆ ಅವರೇ ಹೋಗಿಬರುತ್ತಾರೆ. ಬೋಟಿಗೆ ಮಾತ್ರ ನಾನು ಜೊತೆಗಿರಬೇಕು. ಸಂಜೆ ಹೊತ್ತು ಮಾಂಡೋವಿ ಸೇತುವೆಗಳ ಪಕ್ಕದ ಸಾಂತಾ ಮೋನಿಕಾ ಜೆಟ್ಟಿಯಲ್ಲಿ ನಿಂತರೆ ಸುತ್ತಲೂ ಕನ್ನಡವೇ ಕೇಳುತ್ತದೆ. ಹುಬ್ಬಳ್ಳಿಯವರು, ಗದಗಿನವರು, ಬಾಗಲಕೋಟೆಯವರು, ಮೈಸೂರಿನಿಂದ ಬಸ್ಸು ಮಾಡಿಕೊಂಡು ಬಂದ ಕಾಲೇಜು ಹುಡುಗರು. ಎಲ್ಲರಿಗೂ ಒಂದು ತಾಸಿನ ಸುತ್ತು. ಬೋಟು ಹೊಳೆಯ ಬಾಯಿಯ ಕಡೆ ಇಳಿಯುತ್ತದೆ, ಕ್ಯಾಸಿನೋ ಹಡಗುಗಳ ದೀಪ ದಾಟುತ್ತದೆ, ಸಮುದ್ರದ ಗಾಳಿ ತಾಗುವಷ್ಟರಲ್ಲಿ ತಿರುಗಿ ಬರುತ್ತದೆ. ಮೇಲಿನ ಅಟ್ಟದಲ್ಲಿ ಫುಗಡಿ, ದೇಖಣಿ, ಕೊರಿದಿನ್ಯೊ ಕುಣಿತ. ಮಕ್ಕಳಿಗೆ ಖುಷಿ, ಹಿರಿಯರಿಗೂ ಖುಷಿ. ನನಗೂ ಆ ಕುಣಿತ ಇಷ್ಟವೇ.

ಆದರೂ ಪ್ರತಿ ಸಲ ಬೋಟಿನಿಂದ ಇಳಿಯುವಾಗ ಒಂದು ಸಂಗತಿ ಕೊರೆಯುತ್ತಿರುತ್ತದೆ. ಈ ಬೋಟುಗಳೆಲ್ಲ ಕೆಳಗಡೆ ಹೋಗುತ್ತವೆ. ಗೋವಾದ ಕತೆ ಇರುವುದು ಮೇಲ್ಗಡೆ. ಪಣಜಿಯಿಂದ ಹೊಳೆಯ ಮೇಲಕ್ಕೆ ಹೋದ ಹಾಗೆಲ್ಲ ಕಾಲ ಹಿಂದಕ್ಕೆ ಹೋಗುತ್ತದೆ. 1843ರಲ್ಲಿ ರಾಜಧಾನಿಯಾದ ಪಣಜಿ ಮೊದಲು ಸಿಗುತ್ತದೆ. ಅದನ್ನು ಬಿಟ್ಟು ಮುಂದೆ ಹೋದರೆ 1510ರಲ್ಲಿ ಪೋರ್ಚುಗೀಸರ ಕೈಸೇರಿದ ಹಳೆ ಗೋವಾ. ಅಲ್ಲೇ, ಅದೇ ನೆಲದಲ್ಲಿ, ನಮ್ಮ ವಿಜಯಪುರದ ಆದಿಲ್ ಶಾಹಿಗಳ ಅರಮನೆಯ ಬಾಗಿಲು. ಎದುರಿಗಿನ ದಿವಾಡಿ ದ್ವೀಪದಲ್ಲಿ ಕದಂಬರ ಕುಲದೇವರು ಇದ್ದ ಜಾಗ. ಇನ್ನೂ ಮೇಲೆ ಹೋದರೆ ಕಾಡು, ಘಟ್ಟ, ಕೊನೆಗೆ ಖಾನಾಪುರ ತಾಲ್ಲೂಕಿನ ಭೀಮಗಡ. ಮೇಲೆ ಹೋದಷ್ಟೂ ಕನ್ನಡ ಹತ್ತಿರವಾಗುತ್ತದೆ. ಇಷ್ಟು ದೂರದಿಂದ ಬಂದ ಕನ್ನಡದವರನ್ನು ಹತ್ತಿಸಿಕೊಂಡು ಬೋಟು ಸರಿಯಾಗಿ ಅದರ ಉಲ್ಟಾ ದಿಕ್ಕಿಗೆ ಹೊರಡುತ್ತದಲ್ಲ ಅನ್ನೋದೇ ನನ್ನ ಸಂಕಟ.

ಮಹದಾಯಿ ಅಂದ ಕೂಡಲೇ ನಮ್ಮಲ್ಲಿ ಟಿಎಂಸಿ ಲೆಕ್ಕ, ಬಂದ್, ಟ್ರಿಬ್ಯೂನಲ್ ಇಷ್ಟೇ ನೆನಪಾಗುತ್ತವೆ. ಮಹದಾಯಿಯೇ ಮಾಂಡೋವಿ ಅಂತ ಗೊತ್ತಿಲ್ಲದವರೂ ತುಂಬ ಜನ ಇದ್ದಾರೆ. ನೀರಿನ ಪ್ರಶ್ನೆ ದೊಡ್ಡದು, ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಆದರೆ ಒಂದು ಹೊಳೆಯನ್ನು ಬರೀ ಜಗಳದ ಮೂಲಕ ಗುರುತಿಸುವ ಜನ ನಾವಾಗಬಾರದು. ಸಾವಿರ ವರ್ಷ ನಮ್ಮವರು ಓಡಾಡಿದ ಹೊಳೆ ಇದು.

ಬೋಟಿನ ಕಂಬಿ ಹಿಡಿದು ನೋಡಿದರೆ

ನನ್ನ ಸೋದರಮಾವ ಗದಗ ಹತ್ತಿರದ ಹಳ್ಳಿಯವರು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರು ಬಂದಾಗ ಎಲ್ಲರಂತೆ ಅವರನ್ನೂ ಬೋಟಿಗೆ ಕರೆದುಕೊಂಡು ಹೋದೆ. ಎಲ್ಲರೂ ಕುಣಿತದ ಕಡೆ ತಿರುಗಿ ಕೂತಿದ್ದರೆ ಅವರು ಕಂಬಿ ಹಿಡಿದುಕೊಂಡು ದಂಡೆ ನೋಡುತ್ತಾ ನಿಂತಿದ್ದರು. ಸ್ಪೀಕರಿನ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಕಿವಿಗೆ ಬಾಯಿ ಹತ್ತಿರ ತಂದು ಕೇಳಿದರು. "ಆ ಬಿಳೀದು ಉದ್ದಕ ಕಟ್ಟಡ ಐತಲ್ಲಪಾ, ಅದು ಯಾರದು?"

"ಆದಿಲ್ ಶಾನ ಅರಮನಿ, ಮಾಮಾ."

"ಯಾವ ಆದಿಲ್ ಶಾ? ನಮ್ಮ ವಿಜಾಪುರದವನ?"

ಹೌದು, ಅವನೇ. ಯೂಸುಫ್ ಆದಿಲ್ ಶಾ. ಗೋಲಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್ ಶಾ ಅದೇ ಮನೆತನದವನು. 1500ರ ಹೊತ್ತಿಗೆ ಹೊಳೆಯ ಬಾಯಿ ಕಾಯಲು ಇಲ್ಲಿ ಕೋಟೆಯಂಥ ಅರಮನೆ ಎದ್ದಿತ್ತು. 1510ರಲ್ಲಿ ಪೋರ್ಚುಗೀಸ್ ದಳಪತಿ ಅಫೊನ್ಸೊ ಡಿ ಅಲ್ಬುಕರ್ಕ್ ಮೊದಲ ಸಲ ಗೋವಾ ಹಿಡಿದ. ಹಿಡಿಯಲು ಅವನಿಗೆ ದಾರಿ ತೋರಿಸಿದವನು ಹೊನ್ನಾವರದ ಕಡೆಯ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನೇ ತಿಮೋಜ. ಕೆಲವೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಊರನ್ನು ವಾಪಸು ಪಡೆಯಿತು. ಅಷ್ಟರಲ್ಲಿ ಮಳೆಗಾಲ ಶುರುವಾಗಿತ್ತು. ಹೊಳೆಯ ಬಾಯಿಯಲ್ಲಿ ಅಲೆ ಎದ್ದು ಪೋರ್ಚುಗೀಸ್ ಹಡಗುಗಳಿಗೆ ಸಮುದ್ರಕ್ಕೆ ಹೋಗಲು ಆಗಲಿಲ್ಲ, ದಂಡೆಗೆ ಬರಲೂ ಆಗಲಿಲ್ಲ. ಇಡೀ ಮಳೆಗಾಲ ಇದೇ ನೀರಿನ ಮೇಲೆ ಸಿಕ್ಕಿಬಿದ್ದು, ದಂಡೆಯ ಕೋಟೆಯ ಗುಂಡು ತಿನ್ನುತ್ತಾ, ಹಸಿವಿನಲ್ಲಿ ಕಾದರು. ಮಳೆ ನಿಂತ ಮೇಲೆ ಹೊಸ ಬಲದೊಂದಿಗೆ ಬಂದು ನವೆಂಬರ್ 25ಕ್ಕೆ ಮತ್ತೆ ಗೆದ್ದರು. ಆಮೇಲೆ ಬಿಡಲಿಲ್ಲ, 1961ರ ತನಕ.

ಇದನ್ನು ಅರ್ಧ ಕೂಗಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಮಾಮಾ ನೀರಿನ ಕಡೆ ನೋಡಿದರು. "ಅಂದ್ರ ಆ ಹಡಗ ನಿಂತಿದ್ದು ಇಲ್ಲೇ?" ಹೌದು, ನಾವು ನಿಂತಿದ್ದ ನೀರಿನ ಮೇಲೇ. ನಾನೂ ಆ ಕತೆ ಪುಸ್ತಕದಲ್ಲಿ ಓದಿದ್ದೆ. ಆದರೆ ಅರಮನೆಯಿಂದ ಗುಂಡು ಎಷ್ಟು ಹತ್ತಿರದಿಂದ ಬಂದಿರಬೇಕು ಅಂತ ತಿಳಿದದ್ದು ಅವತ್ತು, ಬೋಟಿನ ಕಂಬಿ ಹಿಡಿದು ನಿಂತಾಗ. ಹೊಳೆಗೂ ಅರಮನೆಗೂ ನಡುವೆ ಇರುವುದು ಈಗಲೂ ಒಂದು ರಸ್ತೆ ಅಷ್ಟೇ. 1759ರಿಂದ ವೈಸರಾಯ್‌ಗಳು ಇದೇ ಕಟ್ಟಡದಲ್ಲಿ ಇದ್ದರು. ಗೋವಾ ಭಾರತಕ್ಕೆ ಸೇರಿದ ಮೇಲೆ ವಿಧಾನಸಭೆ ಕೂಡ ಬಹಳ ವರ್ಷ ಇಲ್ಲೇ ಸೇರುತ್ತಿತ್ತು. ಪಕ್ಕದಲ್ಲೇ ಒಬ್ಬ ಪಾದ್ರಿ ಮಲಗಿದ ಹೆಂಗಸಿನ ಮೇಲೆ ಕೈಚಾಚಿ ನಿಂತ ವಿಗ್ರಹವಿದೆ. ಅವನು ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಅಬ್ಬೆ ಫಾರಿಯಾ. ಹಿಪ್ನಾಟಿಸಮ್ಮಿನ ಚರಿತ್ರೆಯಲ್ಲಿ ಬರುವ ಮನುಷ್ಯ.

ಬೋಟು ತಿರುಗುವ ಕಡೆ ಎದುರು ದಂಡೆಯ ಗುಡ್ಡದ ಮೇಲೆ ರೈಸ್ ಮಾಗೊಸ್ ಕೋಟೆ ಕಾಣುತ್ತದೆ. 1551ರ ಕೋಟೆ. ಜೈಲಾಗಿತ್ತು, ಪಾಳುಬಿದ್ದಿತ್ತು, ದುರಸ್ತಿಯಾಗಿ 2012ರಲ್ಲಿ ಜನರಿಗೆ ತೆರೆಯಿತು. ಒಳಗೆ ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಅವರ ಚಿತ್ರಗಳಿವೆ. ಅದರ ಬುಡದಲ್ಲೇ ಚರ್ಚು. ಅದರ ಮೆಟ್ಟಿಲ ಬಳಿ ಕಲ್ಲಿನ ಸಿಂಹಗಳಿವೆ. ವಿಜಯನಗರದ ಕಾಲದವು ಅಂತ ಹೇಳುತ್ತಾರೆ. ಹಂಪಿ ನೋಡಿದವರಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಇನ್ನೂ ಆಚೆ ಅಗ್ವಾದ ಕೋಟೆ, ಅದರ ಹಳೆ ದೀಪಸ್ತಂಭ. ಕೆಳಗಡೆ ನೋಡಬೇಕಾದ್ದು ಇಲ್ಲ ಅಂತ ನಾನು ಹೇಳುತ್ತಿಲ್ಲ. ರೈಸ್ ಮಾಗೊಸ್ ಒಂದಕ್ಕೇ ಅರ್ಧ ದಿನ ಕೊಡಬಹುದು. ಆದರೆ ಕತ್ತಲಲ್ಲಿ, ಸ್ಪೀಕರ್ ಸದ್ದಿನಲ್ಲಿ, ತಿರುಗುವ ಬೋಟಿನ ಮೇಲಿಂದ ಅದು ಒಂದು ಕಪ್ಪು ಗುಡ್ಡ ಅಷ್ಟೇ.

ಮುಖ ಹೊಳೆಯ ಕಡೆ

ಮರುದಿನ ಬೆಳಿಗ್ಗೆ ಮಾಮಾ ಮತ್ತು ನಾನು ಮೇಲ್ಗಡೆ ಹೊರಟೆವು. ಸಂಜೆಯ ಬೋಟು ಹಳೆ ಗೋವಾಕ್ಕೆ ಹೋಗುವುದಿಲ್ಲ. ನಮ್ಮಂಥವರಿಗೆ ಇರುವ ದಾರಿ ಅಂದರೆ ಹೊಳೆಯ ಪಕ್ಕದ ರಸ್ತೆಯಲ್ಲಿ ಹೋಗಿ, ಅಲ್ಲಲ್ಲಿ ಫೆರಿ ಹತ್ತಿ, ಹೊಳೆಯನ್ನು ಹೊಲಿಗೆ ಹಾಕಿದ ಹಾಗೆ ಆಚೆ ಈಚೆ ದಾಟುತ್ತಾ ಸಾಗುವುದು. ಪಣಜಿ ಬಿಟ್ಟ ಕೂಡಲೇ ರಿಬಂದರಿಗೆ ಹೋಗುವ ರಸ್ತೆಯೇ ಒಂದು ನೋಡುವ ವಸ್ತು. ಉಪ್ಪುನೀರಿನ ಜೌಗಿನ ಮೇಲೆ ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದ ಕಟ್ಟಿದ ಕಲ್ಲಿನ ದಾರಿ. 1633-34ರಲ್ಲಿ ಲಿನ್ಯಾರಿಸಿನ ಕೌಂಟ್ ವೈಸರಾಯ್ ಆಗಿದ್ದಾಗ ಕಟ್ಟಿದ್ದು. ಅದರ ಮೇಲೆ ಇವತ್ತು ಗೋವಾ ಸರಕಾರದ ಕದಂಬ ಬಸ್ಸುಗಳು ಓಡುತ್ತವೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಉಪ್ಪಿನ ಆಗರ. ಬಸ್ಸಿನ ಎಡಗಡೆ ಕಿಟಕಿಯ ಸೀಟು ಹಿಡಿದರೆ ಒಳ್ಳೆಯದು.

ಹಳೆ ಗೋವಾಕ್ಕೆ ಪ್ರವಾಸಿ ಬಸ್ಸುಗಳು ಬರುವುದು ಹೈವೇ ಕಡೆಯಿಂದ. ಎಲ್ಲರೂ ಬೊಂ ಜೀಸಸ್ ಬೆಸಿಲಿಕಾ ಎದುರು ಇಳಿಯುತ್ತಾರೆ, ಸಂತ ಫ್ರಾನ್ಸಿಸ್ ಝೇವಿಯರರ ಶರೀರ ನೋಡುತ್ತಾರೆ, ರಸ್ತೆ ದಾಟಿ ಸೇ ಕೆಥಿಡ್ರಲ್ ನೋಡುತ್ತಾರೆ, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಹಾಗೆ ನೋಡಿದರೆ ಅದು ಬಯಲಿನಲ್ಲಿ ನಿಂತ ನಾಲ್ಕಾರು ದೊಡ್ಡ ಚರ್ಚುಗಳ ಜಾಗ. ಊರು ಅನ್ನಿಸುವುದೇ ಇಲ್ಲ. ಇಷ್ಟು ದೊಡ್ಡ ಚರ್ಚುಗಳನ್ನು ಈ ಬಯಲಲ್ಲಿ ಯಾಕೆ ಕಟ್ಟಿದರು ಅಂತ ನನಗೂ ಬಹಳ ಕಾಲ ಅರ್ಥವಾಗಿರಲಿಲ್ಲ. ಅರ್ಥವಾಗಬೇಕಾದರೆ ದಿವಾಡಿ ದ್ವೀಪದಿಂದ ಫೆರಿಯಲ್ಲಿ ಈ ಕಡೆ ಬರಬೇಕು.

ಫೆರಿ ಅಂದರೆ ತಗಡಿನ ಚಪ್ಪಟೆ ದೋಣಿ. ಬೈಕು, ಕಾರು, ಹಾಲಿನ ಕ್ಯಾನು, ಪೋಯ್ ಅನ್ನುವ ಗೋವಾದ ಬ್ರೆಡ್ಡು ಮಾರುವವನ ಸೈಕಲ್ಲು ಎಲ್ಲ ಒಟ್ಟಿಗೆ. ನಡೆದು ಹತ್ತುವವರಿಗೆ ಟಿಕೆಟ್ಟಿಲ್ಲ. ನಾವು ಮೊದಲು ದಿವಾಡಿಗೆ ದಾಟಿ, ಅಲ್ಲಿ ಇಳಿಯದೇ ಅದೇ ಫೆರಿಯಲ್ಲಿ ವಾಪಸು ಬಂದೆವು. ಸುಮ್ನೆ, ಬರೀ ಬರುವುದನ್ನು ನೋಡಲಿಕ್ಕೆ. ಮೊದಲು ತೆಂಗಿನ ಮರ. ಅದರ ಮೇಲೆ ಸಂತ ಕಾಯೆತಾನೊ ಚರ್ಚಿನ ಗುಮ್ಮಟ. ಆಮೇಲೆ ಜೆಟ್ಟಿ. ಜೆಟ್ಟಿಯಿಂದ ನೇರ ಒಂದು ರಸ್ತೆ, ಆ ರಸ್ತೆಗೆ ಅಡ್ಡಲಾಗಿ ಒಂದೇ ಕಮಾನು. ಅದು ವೈಸರಾಯ್ ಕಮಾನು. ಊರಿನ ಹೆಬ್ಬಾಗಿಲು ಅದೇ. 1597ರಲ್ಲಿ ವೈಸರಾಯ್ ಆಗಿ ಬಂದ ಫ್ರಾನ್ಸಿಸ್ಕೊ ಡ ಗಾಮ ತನ್ನ ಮುತ್ತಜ್ಜ ವಾಸ್ಕೊ ಡ ಗಾಮನ ನೆನಪಿಗೆ ಕಟ್ಟಿಸಿದ್ದು. ವಾಸ್ಕೊನ ವಿಗ್ರಹ ಹೊಳೆಗೆ ಮುಖ ಮಾಡಿ ನಿಂತಿದೆ, ಬರುವವರು ನೋಡಲಿ ಅಂತ. ಲಿಸ್ಬನ್ನಿನಿಂದ ಹೊಸ ವೈಸರಾಯ್ ಬಂದರೆ ಹೊಳೆಯಿಂದಲೇ ಬರುತ್ತಿದ್ದ. ಈ ಕಮಾನಿನ ಕೆಳಗೆ ಊರಿನ ಅಧಿಕಾರ ಅವನ ಕೈಗೆ ಬರುತ್ತಿತ್ತು. ಇಲ್ಲಿಂದ ಶುರುವಾಗುವ ದಾರಿ ರುವಾ ದಿರೈತಾ, ಅಂಗಡಿ ಬೀದಿ. ಈಗ ಅಂಗಡಿ ಒಂದೂ ಇಲ್ಲ, ದಾರಿಯ ನೇರ ಮಾತ್ರ ಉಳಿದಿದೆ. ಹಳೆಯದು ಬಿದ್ದ ಮೇಲೆ 1954ರಲ್ಲಿ ಮತ್ತೆ ಕಟ್ಟಿದ್ದು ಈಗಿನ ಕಮಾನು. ಕೆಂಪು ಚಿರೆಕಲ್ಲು ಹೊರಗೇ ಕಾಣುತ್ತದೆ.

ಕಮಾನು ದಾಟಿ ಹಿಂತಿರುಗಿ ನೋಡಬೇಕು. ಊರಿನ ಕಡೆಯ ಗೂಡಿನಲ್ಲಿ ಕತ್ತಿ ಹಿಡಿದ ಹೆಂಗಸಿನ ವಿಗ್ರಹವಿದೆ. ಅವಳ ಕಾಲ ಕೆಳಗೆ ಒಬ್ಬ ಬಿದ್ದಿದ್ದಾನೆ. ಬಿದ್ದವನ ವೇಷ ಈ ಕಡೆಯದು. ಮಾಮಾ ಅಲ್ಲಿ ಬಹಳ ಹೊತ್ತು ನಿಂತರು. ಬರುವವರಿಗೆ ಒಂದು ಮುಖ, ಒಳಗಿದ್ದವರಿಗೆ ಇನ್ನೊಂದು. ಊರಿನ ಜನ ದಿನಾ ಹೊಳೆಗೆ ಹೋಗುವಾಗ ನೋಡುತ್ತಿದ್ದದ್ದು ಈ ಎರಡನೆಯದನ್ನು. ನಾವು ಹೈವೇ ಕಡೆಯಿಂದ ಬಂದರೆ ಈ ಎರಡರಲ್ಲಿ ಒಂದೂ ಕಾಣುವುದಿಲ್ಲ.

ಅಲ್ಲಿಂದ ಕೂಗಳತೆಯಲ್ಲಿ, ಸಂತ ಕಾಯೆತಾನೊ ಚರ್ಚಿನ ಆವರಣದ ಬಳಿ, ಹುಲ್ಲಿನ ನಡುವೆ ಒಂದು ಬಾಗಿಲ ಚೌಕಟ್ಟು ಮಾತ್ರ ನಿಂತಿದೆ. ಗೋಡೆ ಇಲ್ಲ, ಕದ ಇಲ್ಲ. ಎರಡು ಕರಿಕಲ್ಲಿನ ಕಂಬ, ಮೇಲೊಂದು ತೊಲೆ, ಪಕ್ಕದಲ್ಲಿ ಜಾಲಂಧ್ರದ ತುಣುಕು. ಆದಿಲ್ ಶಾನ ಹಳೆ ಅರಮನೆಯಲ್ಲಿ ಉಳಿದದ್ದು ಇಷ್ಟೇ. ಕಂಬದ ಕೆತ್ತನೆ ನೋಡಿದರೆ ಗುಡಿಯ ಬಾಗಿಲವಾಡದ ಕೆಲಸ. ಆದಿಲ್ ಶಾ ಹೋದ ಮೇಲೆ ಆ ಅರಮನೆಯಲ್ಲಿ ಪೋರ್ಚುಗೀಸ್ ವೈಸರಾಯ್‌ಗಳೂ ಇದ್ದರು. ಗುಡಿಯ ಕಲ್ಲು, ಸುಲ್ತಾನನ ಅರಮನೆ, ವೈಸರಾಯನ ಮನೆ, ಎಲ್ಲ ಒಂದೇ ಬಾಗಿಲಲ್ಲಿ. ಬಸ್ಸಿನವರು ಯಾರೂ ಈ ಕಡೆ ಬರುವುದಿಲ್ಲ. ಬರುವುದು ಎಮ್ಮೆ ಮೇಯಿಸುವವರು.

ವೀರಗಲ್ಲಿನ ಮುಂದೆ

ಸಂತ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿಗೆ ಅಂಟಿಕೊಂಡ ಮಠದಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. 1964ರಲ್ಲಿ ಶುರುವಾದದ್ದು. ಶುಕ್ರವಾರ ರಜೆ, ಅದನ್ನು ಮರೆಯಬೇಡಿ. ಒಳಗೆ ಕಾಲಿಟ್ಟ ಕೂಡಲೇ ಎದುರಾಗುವುದು ಅಲ್ಬುಕರ್ಕನ ಭಾರಿ ಕಂಚಿನ ವಿಗ್ರಹ. ಮೇಲಿನ ಮಹಡಿಯ ತುಂಬ ವೈಸರಾಯ್‌ಗಳ, ಗವರ್ನರುಗಳ ಎಣ್ಣೆಬಣ್ಣದ ಚಿತ್ರ. ಆಳುದ್ದದ ಚಿತ್ರಗಳು, ಸಾಲುಸಾಲಾಗಿ. 1547ರಲ್ಲಿ ಜೊವಾಂವ್ ಡಿ ಕಾಸ್ತ್ರೊ ಅನ್ನುವ ಗವರ್ನರ್ ಶುರು ಮಾಡಿಸಿದ ಸಂಗ್ರಹ. ನಿಜವಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಮುಖಕ್ಕಿಂತ ಆ ಚಿತ್ರಗಳ ತಿರುಗಾಟ. ಮೊದಲು ಅವು ಇಲ್ಲಿಯ ಅರಮನೆಯಲ್ಲಿದ್ದವು. ಅಧಿಕಾರ ಹೊಳೆಯ ಕೆಳಗೆ ಪಣಜಿಗೆ ಹೋದಾಗ ಅವೂ ಹೋದವು, ನಾವು ಬೋಟಿನಿಂದ ನೋಡಿದ ಅದೇ ಬಿಳಿ ಅರಮನೆಗೆ. ಪೋರ್ಚುಗೀಸರು ಹೋದ ಮೇಲೆ ಮತ್ತೆ ಮೇಲಕ್ಕೆ, ಇಲ್ಲಿಗೆ ಬಂದವು.

ಮಾಮಾ ಚಿತ್ರಗಳ ಮುಂದೆ ಮರ್ಯಾದೆಯಿಂದ ನಡೆದರು, ಆದರೆ ನಿಲ್ಲಲಿಲ್ಲ. ಅವರು ನಿಂತದ್ದು ಕೆಳಗೆ, ಕಲ್ಲುಗಳ ನಡುವೆ. ನಾನು ಮುಂದೆ ಹೋಗಿಬಿಟ್ಟಿದ್ದೆ. ಹಿಂದಿನಿಂದ ಕರೆದರು. "ಏ, ಬಾರಪಾ ಇಲ್ಲಿ. ಇದು ವೀರಗಲ್ಲ ಅಲ್ಲೇನ?"

ಅವರ ಊರಿನ ಹನುಮಪ್ಪನ ಗುಡಿ ಮುಂದೆ ಮೂರು ವೀರಗಲ್ಲು ಇವೆ. ಅವರು ಹುಟ್ಟಿದಾಗಿನಿಂದ ನೋಡಿದವು. ಅದಕ್ಕೆ ಅವರಿಗೆ ಬೋರ್ಡು ಓದುವ ಅಗತ್ಯ ಬೀಳಲಿಲ್ಲ. ಕೆಳಗಿನಿಂದ ಮೇಲಕ್ಕೆ ಓದಬೇಕು ಅಂತ ನನಗೇ ಹೇಳಿಕೊಟ್ಟರು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ, ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವುದು. ಮೇಲೆ ಕೈಲಾಸ, ಲಿಂಗದ ಮುಂದೆ ಅವನು ಕೂತಿರುವುದು. ಬೆರಳು ಕಲ್ಲಿಗೆ ತಾಗಿಸದೆ, ಗಾಳಿಯಲ್ಲೇ ಪಟ್ಟಿ ಪಟ್ಟಿಯಾಗಿ ತೋರಿಸುತ್ತಾ ಬಂದವರು ಒಂದು ಕಲ್ಲಿನ ಮುಂದೆ ಕೆಳಗಿನ ಪಟ್ಟಿಗೆ ಬಂದು ನಿಂತುಬಿಟ್ಟರು. ಅವರ ಊರಿನ ಕಲ್ಲಿನಲ್ಲಿ ಅಲ್ಲಿ ದನಗಳಿವೆ. ತುರುಗೊಳ್ ಕಾಳಗ, ಊರಿನ ದನ ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಇಲ್ಲಿ ದನ ಇಲ್ಲ, ಕುದುರೆ ಇಲ್ಲ. ಎರಡೂ ತುದಿ ಮೇಲಕ್ಕೆ ಬಾಗಿದ ಹಡಗು. ಅದರೊಳಗೆ ಸಾಲಾಗಿ ತಲೆಗಳು. ಉಪ್ಪುಗಾಳಿಗೋ ಮಳೆಗೋ ಸವೆದು ಮುಖ ಅಳಿಸಿಹೋಗಿದೆ. ಆದರೆ ಹುಟ್ಟು ಹಾಕುವವರ ಮೈ ಒಂದೇ ಕಡೆ ವಾಲಿರುವುದು ಮಾತ್ರ ಸ್ಪಷ್ಟ.

"ನೀರಾಗ ಸತ್ತಾನ," ಅಂದರು ಮಾಮಾ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನೀರಾಗ ಸತ್ತವಗೂ ಕಲ್ಲು ನಿಲ್ಲಿಸ್ಯಾರ."

ಅದು ಗೋವಾ ಕದಂಬರ ಕಾಲದ ಕಲ್ಲು. ಕದಂಬರು ಅಂದರೆ ನಮಗೆ ಬನವಾಸಿ, ಮಯೂರವರ್ಮ. ಅದೇ ಹೆಸರಿನ ಇನ್ನೊಂದು ಕವಲು 10ನೇ ಶತಮಾನದ ಕೊನೆಯಿಂದ ಮುನ್ನೂರು ವರ್ಷಕ್ಕೂ ಜಾಸ್ತಿ ಇಲ್ಲಿ ಆಳಿತು. ಮೊದಲು ಚಂದ್ರಪುರ, ಅಂದರೆ ಈಗಿನ ಚಾಂದೋರ್. ಆಮೇಲೆ ಝುವಾರಿ ಹೊಳೆಯ ದಂಡೆಯ ಗೋಪಕಪಟ್ಟಣ. ಅವರ ಶಾಸನಗಳಲ್ಲಿ ಕನ್ನಡವಿದೆ, ನಾಣ್ಯದ ಮೇಲೆ ಸಿಂಹವಿದೆ. ಅವರ ರಾಜರು ಪಶ್ಚಿಮ ಸಮುದ್ರದ ಒಡೆಯರು ಅಂತ ಬಿರುದು ಹೊತ್ತವರು. ಗುಹಲ್ಲದೇವ ಅನ್ನುವ ರಾಜ ಸೋಮನಾಥ ಯಾತ್ರೆಗೆ ಹಡಗಿನಲ್ಲಿ ಹೊರಟಾಗ ಕೂವೆಮರ ಮುರಿದು ಗೋಪಕ ಬಂದರಿಗೆ ಬಂದನಂತೆ. ಅವನಿಗೆ ನೆರವಾದವನು ಮಾದುಮೋದ ಅನ್ನುವ ಅರಬ್ ವ್ಯಾಪಾರಿ. ಅವನ ಮನೆತನದವರಿಗೆ ಮುಂದೆ ಕದಂಬರ ಆಡಳಿತದಲ್ಲಿ ದೊಡ್ಡ ಸ್ಥಾನ ಸಿಕ್ಕಿತು. ನಮ್ಮ ಪಠ್ಯಪುಸ್ತಕದ ರಾಜರೆಲ್ಲ ಆನೆ ಕುದುರೆ ಮೇಲೆ ಬರುತ್ತಾರೆ. ಹಡಗಿನ ಮೇಲೆ ಬರುವ ಕನ್ನಡದ ರಾಜರೂ ಇದ್ದರು ಅಂತ ನಮ್ಮ ಮಕ್ಕಳಿಗೆ ಯಾರು ಹೇಳುತ್ತಾರೆ?

ಇದಕ್ಕೇ ನಾನು ಬರುವವರಿಗೆಲ್ಲ ಹಟ ಮಾಡಿ ಹೇಳುವುದು, ಚರ್ಚು ನೋಡಿ, ಖಂಡಿತ ನೋಡಿ, ಆದರೆ ಮ್ಯೂಸಿಯಂ ಬಿಡಬೇಡಿ. ಮೇಲಿನ ಮಹಡಿಯ ಚಿತ್ರಗಳಿಗೆ ಹೆಸರಿದೆ, ಇಸವಿ ಇದೆ. ಕೆಳಗಿನ ಕಲ್ಲಿನ ವೀರನಿಗೆ ಹೆಸರಿಲ್ಲ. ಅವನನ್ನು ಗುರುತು ಹಿಡಿಯಬಲ್ಲವರು ನಮ್ಮ ಹಳ್ಳಿಗಳಿಂದ ಬರುವವರೇ. ಹಾಗೆ ಬಂದವರು ಎಳನೀರು ಕುಡಿದು ಬಸ್ಸು ಹತ್ತಿಬಿಟ್ಟರೆ ಅವನನ್ನು ಇನ್ಯಾರು ಕೇಳಬೇಕು? ಮ್ಯೂಸಿಯಂ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಿಕೆ ಮಾಡುವ ಆಸೆ ನನಗಿದೆ. ಗೋವಾದಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ಕೈಜೋಡಿಸುವವರು ಸಿಕ್ಕರೆ ಆಗದ ಕೆಲಸವೇನಲ್ಲ.

ಕೆಳಗೆ ಹೋದ ಗಂಟೆ

ಮ್ಯೂಸಿಯಂನಿಂದ ಹೊರಬಂದು ಪಶ್ಚಿಮದ ದಿಬ್ಬ ಹತ್ತಿದರೆ ಸಂತ ಅಗಸ್ಟಿನ್ ಗೋಪುರ. 46 ಮೀಟರ್ ಎತ್ತರದ ಚಿರೆಕಲ್ಲಿನ ಗೋಪುರದಲ್ಲಿ ಈಗ ಉಳಿದಿರುವುದು ಒಂದು ಪಕ್ಕೆ. 1602ರ ಹೊತ್ತಿಗೆ ಮುಗಿದ ದೊಡ್ಡ ಮಠ. 1835ರಲ್ಲಿ ಮಠಗಳನ್ನು ಮುಚ್ಚಿಸಿದರು. ನೋಡುವವರಿಲ್ಲದೆ 1842ರಲ್ಲಿ ಚಾವಣಿ ಕುಸಿಯಿತು. ಗೋಪುರದ ಗಂಟೆ ಮಾತ್ರ ಬಚಾವಾಯಿತು. ಅದು ಹೊಳೆಯ ಕೆಳಗೆ ಅಗ್ವಾದ ದೀಪಸ್ತಂಭಕ್ಕೆ ಹೋಯಿತು. 1871ರಲ್ಲಿ ಅಲ್ಲಿಂದ ಪಣಜಿಯ ಚರ್ಚಿಗೆ ಬಂತು. ಮೆಟ್ಟಿಲುಗಳು ಅಂಕುಡೊಂಕಾಗಿ ಏರುವ ಆ ಬಿಳಿ ಚರ್ಚಿನ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಅದರ ನೆತ್ತಿಯಲ್ಲಿ ತೂಗುವುದು ಇದೇ ಗಂಟೆ. ಹಳೆ ಊರು ಖಾಲಿಯಾದ ಮೇಲೆ ಅದರ ಕಲ್ಲುಗಳೂ ಹೀಗೇ ಕೆಳಗೆ ಹೋದವು, ಪಣಜಿಯ ಗೋಡೆಗಳಾದವು. ಪಿಡುಗು, ಕೆಟ್ಟ ನೀರು, ಮಲೇರಿಯಾ ಎಲ್ಲ ಸೇರಿ ಊರನ್ನು ಬಿಡಿಸಿದವು. ಗಾಳಿ ಚೆನ್ನಾಗಿರುವ ಕಡೆಗೆ ಮೊದಲು ವೈಸರಾಯ್ ಹೋದ, ಆಮೇಲೆ ಊರು ಅವನ ಹಿಂದೆ ಹೋಯಿತು.

ಈ ಪಾಳು ಮಠದಲ್ಲೇ ಜಾರ್ಜಿಯಾ ದೇಶದ ರಾಣಿ ಕೆತೆವಾನಳ ಎಲುಬಿನ ತುಣುಕು ಸಿಕ್ಕಿದ್ದು. 1624ರಲ್ಲಿ ಶಿರಾಜಿನಲ್ಲಿ ಮತ ಬಿಡಲು ಒಪ್ಪದೆ ಹಿಂಸೆಗೆ ಸಿಕ್ಕಿ ಸತ್ತವಳು. ಅಲ್ಲಿದ್ದ ಪಾದ್ರಿಗಳು ಅವಳ ಅವಶೇಷಗಳನ್ನು ಇಲ್ಲಿಗೆ ತಂದು ಇಟ್ಟಿದ್ದರು. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಡಿಎನ್‌ಎ ಪರೀಕ್ಷೆ ನಡೆಯಿತು, 2021ರಲ್ಲಿ ಭಾರತ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಎದುರಿಗೇ ಸಾಂತಾ ಮೋನಿಕಾ ಕಾನ್ವೆಂಟು. ಅಲ್ಲಿ ಕ್ರೈಸ್ತ ಕಲೆಯ ಮ್ಯೂಸಿಯಂ ಇದೆ. ದುರಸ್ತಿಯಾಗಿ 2022ರಲ್ಲಿ ಮತ್ತೆ ತೆರೆದದ್ದು. ದಂತದ, ಬೆಳ್ಳಿಯ ಕೆಲಸ ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಯೇಸುವಿನ ವಿಗ್ರಹದ ಬಟ್ಟೆಯ ಮಡಿಕೆಯಲ್ಲಿ, ಅಂಚಿನ ಹೂಬಳ್ಳಿಯಲ್ಲಿ ನಮ್ಮ ಗುಡಿ ಕೆಲಸದವರ ಕೈ ಗುರುತಾಗುತ್ತದೆ. ಬೆಳ್ಳಿಯ ಪೆಲಿಕನ್ ಹಕ್ಕಿಯನ್ನಂತೂ ಬಿಡಲೇಬಾರದು.

ಲಿಂಗ ಹೊಳೆ ದಾಟಿದ್ದು

ಮಧ್ಯಾಹ್ನ ಮತ್ತೆ ಫೆರಿ ಹತ್ತಿ ದಿವಾಡಿಗೆ ಹೋದೆವು. ಈ ಸಲ ಇಳಿದೆವು. ದ್ವೀಪದ ನಡುವಿನ ಪಿಯೆದಾದ್ ಗುಡ್ಡದ ಮೇಲೆ ಚರ್ಚು. ಅದರ ಅಂಗಳದಿಂದ ಹೊಳೆಯ ಆಚೆ ಹಳೆ ಗೋವಾ ಪೂರ್ತಿ ಕಾಣುತ್ತದೆ. ಕೆಳಗೆ ಖಾಜನ್ ಗದ್ದೆಗಳು, ಉಪ್ಪುನೀರು ಒಳಗೆ ನುಗ್ಗದ ಹಾಗೆ ಒಡ್ಡು ಕಟ್ಟಿ ಭತ್ತ ಬೆಳೆಯುವ ಗದ್ದೆ. ದ್ವೀಪದ ಇನ್ನೊಂದು ತುದಿ ನಾರ್ವೆ. ಕದಂಬರ ಕುಲದೇವರು ಸಪ್ತಕೋಟೇಶ್ವರನ ಮೂಲ ಗುಡಿ ಇದ್ದದ್ದು ಅಲ್ಲಿ. ಸಪ್ತಕೋಟೇಶ್ವರನ ವರಪ್ರಸಾದ ಪಡೆದವರು ಅಂತ ಕದಂಬರು ತಮ್ಮ ಚಿನ್ನದ ನಾಣ್ಯದ ಮೇಲೇ ಬರೆಸಿಕೊಂಡಿದ್ದರು.

ಆ ಗುಡಿಯ ಪಾಡು ನೋಡಿ. ಬಹಮನಿಗಳ ಕಾಲದಲ್ಲಿ ಒಡೆಯಿತು. 14ನೇ ಶತಮಾನದ ಕೊನೆಗೆ ವಿಜಯನಗರದಿಂದ ಬಂದ ಮಾಧವ ಮಂತ್ರಿ ಮತ್ತೆ ನಿಲ್ಲಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದರು. ಊರಿನವರು ಲಿಂಗವನ್ನು ಹೊಳೆ ದಾಟಿಸಿ ಆಚೆ ದಂಡೆಯ ಡಿಚೋಲಿ ಸೀಮೆಗೆ ಒಯ್ದರು. ಅದು ಪೋರ್ಚುಗೀಸರ ಕೈಗೆ ಇನ್ನೂ ಸಿಗದ ನೆಲ. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿದರು. ಆ ಊರಿನ ಹೆಸರೂ ನಾರ್ವೆಯೇ. ದೇವರ ಜೊತೆ ಊರಿನ ಹೆಸರನ್ನೂ ಒಯ್ದ ಹಾಗಿದೆ. ಈಗಲೂ ಎರಡು ನಾರ್ವೆಗಳ ನಡುವೆ ಫೆರಿ ಇದೆ. ಲಿಂಗ ದಾಟಿದ ನೀರನ್ನೇ ನಾವೂ ದಾಟಿದೆವು. ಫೆರಿಯಲ್ಲಿ ನಮ್ಮ ಪಕ್ಕ ಇಬ್ಬರು ಗೌಂಡಿಗಳು ನಿಂತಿದ್ದರು. ಕೈಯಲ್ಲಿ ಥಾಪಿ, ಬುತ್ತಿ ಚೀಲ. ಮಾಮಾನ ಮಾತು ಕೇಳಿ ಅವರೇ ಮಾತಾಡಿಸಿದರು. ಕೊಪ್ಪಳದ ಕಡೆಯವರು. ದಿವಾಡಿಯಲ್ಲಿ ಒಂದು ಹಳೆ ಮನೆಯ ಗಾರೆ ಕೆಲಸ ನಡೆದಿತ್ತಂತೆ. ಅವತ್ತು ಕೆಲಸ ಬೇಗ ಮುಗಿದಿತ್ತು. "ಗುಡಿಗೆ ನಾವೂ ಬರ್ತೀವ್ರಿ, ದಿನಾ ಈ ಕಡೆ ನೋಡ್ತೀವಿ, ಒಂದ್ಸಲಾನೂ ಹೋಗಿಲ್ಲ," ಅಂದರು. ನಾಲ್ವರೂ ಒಟ್ಟಿಗೆ ಹೋದೆವು. ಅಂಗಳದ ದೀಪಸ್ತಂಭ ನೋಡಿ, ಒಳಗೆ ನುಣುಪಾದ ಮುಖಗಳ ಧಾರಾಲಿಂಗ ನೋಡಿ, ಅವರಲ್ಲಿ ಹಿರಿಯವನು ಗಾರೆಯ ಗೋಡೆಯನ್ನೂ ಅಷ್ಟೇ ಗಮನ ಕೊಟ್ಟು ನೋಡಿದ. ಸುಣ್ಣ ಎಷ್ಟು ದಿನ ಕೊಳೆಸಿದ್ದರೆ ಹೀಗೆ ಕೂರುತ್ತದೆ ಅಂತ ಜೊತೆಯವನಿಗೆ ವಿವರಿಸುತ್ತಿದ್ದ.

ಇನ್ನೂ ಮೇಲೆ

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬೇಗ ಹೊರಡಿ, ಶುಕ್ರವಾರ ಬೇಡ. ಹಳೆ ಗೋವಾವನ್ನು ಹೊಳೆಯ ಕಡೆಯಿಂದ ಶುರು ಮಾಡಿ, ಒಮ್ಮೆ ಫೆರಿಯಲ್ಲಿ ಹೋಗಿ ವಾಪಸು ಬಂದರೂ ಸಾಕು. ಸಾಧ್ಯವಾದರೆ ರಿಬಂದರಿನಿಂದ ಚೋಡಣ ದ್ವೀಪಕ್ಕೂ ದಾಟಿ. ಅಲ್ಲಿಯ ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ ಕಾಡು ನೋಡಿದರೆ ಹಳೆಯ ಕಾಲದ ದಂಡೆ ಹೇಗಿತ್ತು ಅನ್ನೋದು ಊಹೆಗೆ ಸಿಗುತ್ತದೆ. ಸಂಜೆಯ ಬೋಟು ಕೊನೆಗೆ ಇಟ್ಟುಕೊಳ್ಳಿ. ಹಗಲು ಮೇಲ್ಗಡೆ ನೋಡಿ ಬಂದವರಿಗೆ ಸಂಜೆ ಕೆಳಗಡೆಯ ದೀಪಗಳ ಹಿಂದಿನ ಕಟ್ಟಡಗಳೂ ಕಾಣುತ್ತವೆ. ಬೋಟಿನವರು ಯಾರಾದರೂ ಹಗಲು ಹೊತ್ತು, ಸ್ಪೀಕರ್ ಇಲ್ಲದೆ, ಪಣಜಿಯಿಂದ ನಾರ್ವೆವರೆಗೆ ಒಂದು ಸುತ್ತು ಶುರು ಮಾಡಿದರೆ ನಾನೇ ಊರಿನಿಂದ ಜನ ಕರೆತರುತ್ತೇನೆ.

ಮಾಮಾ ಅಷ್ಟಕ್ಕೇ ಬಿಡಲಿಲ್ಲ. ಹೊಳೆ ಎಲ್ಲಿಂದ ಬರುತ್ತದೋ ಅಲ್ಲಿತನಕ ನೋಡಬೇಕು ಅಂದರು. ಅದಕ್ಕೆ ಅವರನ್ನು ಊರಿಗೆ ಬಿಡಲು ಹೋಗುವಾಗ ಹೊಳೆಯ ಬೆನ್ನು ಹಿಡಿದೇ ಹೋದೆವು. ಘಟ್ಟದ ಬುಡದಲ್ಲಿ, ಮಾಂಡೋವಿಗೆ ಸೇರುವ ಹಳ್ಳದ ದಂಡೆಯಲ್ಲಿ ತಾಂಬ್ಡಿ ಸುರ್ಲಾದ ಮಹಾದೇವನ ಗುಡಿ. ಕದಂಬರ ಕಾಲದ್ದು. ಗೋವಾದ ಕೆಂಪು ಚಿರೆಕಲ್ಲಿನ ನಡುವೆ ಇದೊಂದು ಕರಿಕಲ್ಲಿನ ಗುಡಿ. ಕಾಡಿನೊಳಗೆ ಇದ್ದದ್ದಕ್ಕೆ ಯಾರ ಕಣ್ಣಿಗೂ ಬೀಳದೆ ಉಳಿಯಿತು ಅಂತ ಹೇಳುತ್ತಾರೆ. ಕಂಬಗಳನ್ನು ನೋಡುತ್ತಾ ಮಾಮಾ ಲಕ್ಕುಂಡಿ, ಲಕ್ಕುಂಡಿ ಅಂತ ಎರಡು ಸಲ ಹೇಳಿದರು. ಅಲ್ಲಿಂದ ಘಟ್ಟ ಹತ್ತಿ ಕಿತ್ತೂರು ಹತ್ತಿರದ ದೇಗಾಂವಿಗೆ ಬಂದೆವು. ಅಲ್ಲಿಯ ಕಮಲನಾರಾಯಣ ಗುಡಿ ಕಟ್ಟಿಸಿದವಳು ಗೋವಾ ಕದಂಬರ ರಾಜ ಪೆರ್ಮಾಡಿಯ ರಾಣಿ ಕಮಲಾದೇವಿ. ಅವರ ಶಾಸನ ಅಲ್ಲಿ ನಾಗರಿಯಲ್ಲೂ ಇದೆ, ಕನ್ನಡ ಲಿಪಿಯಲ್ಲೂ ಇದೆ. ಮಾಮಾ ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಬಿಡಿಸಲು ಕೂತರು. ಗೋವಾದಲ್ಲಿ ಆಳಿದ ರಾಣಿಯ ಗುಡಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ, ಹುಬ್ಬಳ್ಳಿಯಿಂದ ಒಂದು ದಿನದಲ್ಲಿ ನೋಡಿ ಬರಬಹುದು. ಮುಂದಿನ ಸಲ ಗೋವಾಕ್ಕೆ ಹೊರಡುವವರು ಅಲ್ಲಿಂದಲೇ ಶುರು ಮಾಡಿ ಹೊಳೆಯ ಜೊತೆ ಇಳಿದು ಬಂದರೂ ಆದೀತು.